62 ಸಾವಿರ ಓಡಿದ ಎಸ್‌ಯುವಿ, 1.58 ಲಕ್ಷ ಓಡಿದ ಪಿಕಪ್: ಒಂದು ಸೆಕೆಂಡ್ ಹ್ಯಾಂಡ್ ಖರೀದಿಯ ಪ್ರಕರಣ

ಅಕ್ಕನ ಬಳಿ 40 ಜೇನುಪೆಟ್ಟಿಗೆಗಳಿವೆ. ಹೂವು ಎಲ್ಲಿ ಬಿಡುತ್ತದೋ ಅಲ್ಲಿಗೆ ಅವನ್ನು ಸಾಗಿಸಬೇಕು. ಸಂಜೆ ಹುಳುಗಳೆಲ್ಲ ಗೂಡು ಸೇರಿದ ಮೇಲೆ ಬಾಗಿಲು ಮುಚ್ಚಿ, ಪೆಟ್ಟಿಗೆ ಗಾಡಿಗೇರಿಸಿ, ಬೆಳಗಾಗುವುದರೊಳಗೆ ಹೊಸ ಜಾಗದಲ್ಲಿ ಇಳಿಸಿ ಬಾಗಿಲು ತೆಗೆಯಬೇಕು. ದಾರಿಯಲ್ಲಿ ಗಾಡಿ ಕೈಕೊಟ್ಟು ಬಿಸಿಲೇರಿತು ಅಂದರೆ ಮುಚ್ಚಿದ ಪೆಟ್ಟಿಗೆಯೊಳಗೆ ಸೆಕೆ ಹೆಚ್ಚಿ ಹುಳುಗಳು ಸಾಯುತ್ತವೆ. ಅವಳ ಹಳೆಯ ವ್ಯಾನ್ ಒಂದು ರಾತ್ರಿ ಹಾಗೆ ಮಾಡಿತು. 11 ಪೆಟ್ಟಿಗೆ ಹೋದವು. ಬೆಳಿಗ್ಗೆ ಫೋನ್ ಮಾಡಿ, "ಒಂದೊಂದೇ ಪೆಟ್ಟಿಗೆಗೆ ಕಿವಿ ಇಟ್ಟು ನೋಡ್ತಾ ಇದೀನಿ, ಸದ್ದೇ ಇಲ್ಲ ಕಣೋ" ಅಂದಳು. ಆಮೇಲೆ ಮಾತು ಬರಲಿಲ್ಲ.

ಆದ್ದರಿಂದ ಹೊಸ ಗಾಡಿ ಹುಡುಕುವಾಗ ನಮಗಿದ್ದದ್ದು ಒಂದೇ ಒಂದು ಬೇಡಿಕೆ. ರಾತ್ರಿ ಹೊರಟರೆ ಬೆಳಗಿನೊಳಗೆ ತಲುಪಿಸಬೇಕು. ಹೊಸದಕ್ಕೆ ಹಣ ಇರಲಿಲ್ಲ. ಹಳೆಯದರಲ್ಲೇ ಒಳ್ಳೆಯದನ್ನು ಹುಡುಕಬೇಕಿತ್ತು. ಆ ಆರು ವಾರ ನಾವು ಏನು ಓದಿದೆವು, ಏನು ಮುಟ್ಟಿ ನೋಡಿದೆವು, ಎಲ್ಲಿ ಎಡವಿದೆವು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಗಾಡಿ ಮಾಡಬೇಕಾದ ಕೆಲಸ

ಮೊದಲ ವಾರ ಯಾವ ಗಾಡಿಯನ್ನೂ ನೋಡಲಿಲ್ಲ. ಅಕ್ಕನ ಓಡಾಟವನ್ನು ಬರೆದಿಟ್ಟೆವು ಅಷ್ಟೇ. ವಾರದಲ್ಲಿ ಆರು ದಿನ ಮೂರು–ನಾಲ್ಕು ಕಿಲೋಮೀಟರಿನ ಸಣ್ಣ ಓಡಾಟ. ಮಗುವನ್ನು ಶಾಲೆಗೆ ಬಿಡುವುದು, ಬಾಟಲಿ ತರುವುದು, ಹತ್ತಿರದ ಪೆಟ್ಟಿಗೆ ನೋಡಿ ಬರುವುದು. ಎರಡು ಮೂರು ವಾರಕ್ಕೊಮ್ಮೆ ರಾತ್ರಿ ನೂರು ಕಿಲೋಮೀಟರಿನ ಪಯಣ, ಒಂದು ಸಲಕ್ಕೆ 14 ಪೆಟ್ಟಿಗೆ. ಕೊನೆಯ ಎರಡು ಕಿಲೋಮೀಟರ್ ಕೆಸರು, ಏರು. ಆಗ ಇದು ಸುಮ್ನೆ ಮಾಡಿದ ಲೆಕ್ಕ ಅನ್ನಿಸಿತ್ತು. ಕೊನೆಗೆ ತೀರ್ಮಾನ ಆದದ್ದು ಈ ಹಾಳೆಯಿಂದಲೇ.

ಮೂರು ಗಾಡಿಗಳು ಮುಂದೆ ಬಂದವು. ಒಂದು, 8 ವರ್ಷದ ಡೀಸೆಲ್ ಎಸ್‌ಯುವಿ. ಆಟೋಮ್ಯಾಟಿಕ್, ಒಬ್ಬರೇ ಮಾಲೀಕರು, 62 ಸಾವಿರ ಕಿಲೋಮೀಟರ್. ಇದನ್ನು ಕೊಂಡರೆ ಪೆಟ್ಟಿಗೆಗಳಿಗೆ ಹಿಂದೆ ಸಣ್ಣ ಟ್ರೇಲರ್ ಕಟ್ಟಬೇಕು. ಎರಡು, 11 ವರ್ಷದ ಪೆಟ್ರೋಲ್ ಪಿಕಪ್. ಎರಡು ಸಾಲು ಸೀಟು, ಮ್ಯಾನುಯಲ್ ಗೇರ್, ಫೋರ್ ವೀಲ್ ಡ್ರೈವ್, 1.58 ಲಕ್ಷ ಕಿಲೋಮೀಟರ್. ಮೂರನೆಯದು ತೀರಾ ಕಡಿಮೆ ಬೆಲೆಗೆ ಬಂದ ಇನ್ನೊಂದು ಎಸ್‌ಯುವಿ. ಅದರ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದಾಗ ಒಳಗಿನ ಗೇಣುದ್ದದ ಪಟ್ಟಿಯಲ್ಲಿ ಒಣಗಿದ ಕೆಸರಿನ ಗೆರೆ ಕಂಡಿತು. ಸೀಟಿನ ಕೆಳಗಿನ ಹಳಿಗೆ ತುಕ್ಕು ಹಿಡಿದಿತ್ತು. ನೀರಿನಲ್ಲಿ ಮುಳುಗಿದ್ದ ಗಾಡಿ. ವೈರಿಂಗ್ ಒಳಗೊಳಗೇ ಕೊಳೆಯುತ್ತಾ ಹೋಗುವ ಗಾಡಿಯನ್ನು ಯಾವ ಬೆಲೆಗೂ ಕೊಳ್ಳಬಾರದು. ಅಲ್ಲಿಂದ ಐದು ನಿಮಿಷದಲ್ಲಿ ಹೊರಟೆವು.

ಉಳಿದ ಎರಡರ ಕಂಪನಿ, ಮಾಡೆಲ್ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ನಾವು ನೋಡಿದ್ದು ತಲಾ ಒಂದೇ ಗಾಡಿ. ಅದನ್ನು ಹಿಡಿದು ಇಡೀ ಮಾಡೆಲ್‌ಗೆ ಒಳ್ಳೆಯ ಹೆಸರನ್ನೋ ಕೆಟ್ಟ ಹೆಸರನ್ನೋ ಅಂಟಿಸುವುದು ತಪ್ಪು.

ನಾನು ಮೊದಲ ದಿನವೇ ಎಸ್‌ಯುವಿ ಕಡೆ ವಾಲಿದ್ದೆ. ವಯಸ್ಸು ಕಡಿಮೆ, ಓಡಿದ್ದು ಕಡಿಮೆ, ಒಬ್ಬರೇ ಮಾಲೀಕರು. ಇನ್ನೇನು ಬೇಕು ಅಲ್ವಾ? ಅಕ್ಕನಿಗೂ ಹಾಗೇ ಹೇಳಿಬಿಟ್ಟಿದ್ದೆ.

ಹೆಸರನ್ನು ಬಿಟ್ಟು ವರ್ಷ ಕೇಳಬೇಕು

"ಆ ಗಾಡಿ ಹೇಗೆ, ಚೆನ್ನಾಗಿದೆಯಾ?" ಎಂದು ಎಲ್ಲರೂ ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರವೇ ಇಲ್ಲ ಅನ್ನುವುದು ಓದುತ್ತಾ ಹೋದಂತೆ ತಿಳಿಯಿತು. ಬಾಗಿಲ ಮೇಲಿನ ಹೆಸರು ಹದಿನೈದು ವರ್ಷ ಅದೇ ಇರುತ್ತದೆ. ಒಳಗಿನ ಇಂಜಿನ್, ಗೇರ್‌ಬಾಕ್ಸ್, ಕಬ್ಬಿಣ ಎಲ್ಲ ನಡುವೆ ಬದಲಾಗಿರುತ್ತದೆ. ಯಾವ ವರ್ಷದ್ದು, ಯಾವ ಇಂಜಿನ್, ಯಾವ ಗೇರ್‌ಬಾಕ್ಸ್ ಎಂದು ಕೇಳಿದರೆ ಮಾತ್ರ ಉಪಯೋಗಕ್ಕೆ ಬರುವ ಉತ್ತರ ಸಿಗುತ್ತದೆ.

ಟೊಯೊಟಾ ಟಕೋಮಾ ಪಿಕಪ್ ತೆಗೆದುಕೊಳ್ಳಿ. ಇಂಜಿನ್ ಬಾಳಿಕೆಗೆ ಇದರಷ್ಟು ಹೆಸರು ಮಾಡಿದ ಪಿಕಪ್‌ಗಳು ಕಡಿಮೆ. ಆದರೆ ಅಮೆರಿಕದಲ್ಲಿ 1995ರಿಂದ 2000ರವರೆಗಿನ ಟಕೋಮಾಗಳ ಚಾಸಿ, ಅಂದರೆ ಗಾಡಿಯನ್ನು ಹೊತ್ತ ಅಡಿಯ ಚೌಕಟ್ಟು, ತುಕ್ಕು ಹಿಡಿದು ತೂತಾಗತೊಡಗಿತು. 2008ರಲ್ಲಿ ಕಂಪನಿ ಆ ಚಾಸಿಗಳಿಗೆ 15 ವರ್ಷದ ವಾರಂಟಿ ಕೊಟ್ಟಿತು, ತೀರಾ ಕೆಟ್ಟಿದ್ದವನ್ನು ಮಾಲೀಕರಿಂದ ವಾಪಸು ಕೊಂಡಿತು. 2005ರಿಂದ 2010ರ ಟಕೋಮಾಗಳ ಮೇಲೂ ಅದೇ ದೂರು ಬಂದು, 2016ರಲ್ಲಿ ನ್ಯಾಯಾಲಯದ ಮೂಲಕ ರಾಜಿಯಾಯಿತು. ಇಂಜಿನ್ ಗಟ್ಟಿ, ಅದನ್ನು ಹೊತ್ತ ಚೌಕಟ್ಟು ಮೆದು. ಎರಡೂ ಒಂದೇ ಗಾಡಿಯಲ್ಲಿ. "ಟಕೋಮಾನಾ, ಕಣ್ಣು ಮುಚ್ಚಿ ತಗೋ" ಅನ್ನುವವರ ಮಾತು ನಂಬಿದವರಿಗೆ ಅಡಿಯಲ್ಲಿ ನುಗ್ಗಿ ನೋಡಬೇಕು ಅನ್ನಿಸುವುದೇ ಇಲ್ಲ.

ನಿಸ್ಸಾನ್ ಪಾತ್‌ಫೈಂಡರ್ ಕತೆ ಇನ್ನೊಂದು ಥರ. 2005ರಿಂದ 2010ರ ಆಟೋಮ್ಯಾಟಿಕ್ ಗಾಡಿಗಳಲ್ಲಿ ಗೇರ್‌ಬಾಕ್ಸ್ ಆಯಿಲನ್ನು ತಣ್ಣಗೆ ಮಾಡುವ ಕೊಳವೆ ರೇಡಿಯೇಟರ್ ಒಳಗೇ ಇತ್ತು. ಅದು ಒಡೆದರೆ ಕೂಲಂಟ್, ಅಂದರೆ ಇಂಜಿನ್ನನ್ನು ತಣ್ಣಗಿಡುವ ದ್ರವ, ಗೇರ್‌ಬಾಕ್ಸಿಗೆ ನುಗ್ಗುತ್ತದೆ. ಸಣ್ಣ ಖರ್ಚಿನ ರೇಡಿಯೇಟರ್, ತನ್ನ ಜೊತೆಗೆ ದೊಡ್ಡ ಖರ್ಚಿನ ಗೇರ್‌ಬಾಕ್ಸನ್ನೂ ಕರೆದುಕೊಂಡು ಹೋಗುತ್ತದೆ. ಆದರೆ ಅದೇ ವರ್ಷದ ಗಾಡಿಯಲ್ಲಿ ಹಿಂದಿನ ಮಾಲೀಕರು ಮೊದಲೇ ರೇಡಿಯೇಟರ್ ಬದಲಿಸಿದ್ದರೆ ಆ ಭಯ ಬಹುಪಾಲು ಹೋಯಿತು. ಫೋರ್ಡ್ ಎಫ್-150ಯ 5.4 ಲೀಟರ್ ಇಂಜಿನ್ನಿನಲ್ಲೂ ಹೀಗೇ. 2004ರಿಂದ 2008ರವರೆಗಿನವುಗಳಲ್ಲಿ ಸ್ಪಾರ್ಕ್ ಪ್ಲಗ್‌ನ ಕೆಳಗಿನ ಉದ್ದನೆಯ ಭಾಗ ಮಸಿ ಹಿಡಿದು ಕಚ್ಚಿಕೊಂಡು, ಬಿಚ್ಚುವಾಗ ಒಳಗೇ ಮುರಿಯುತ್ತಿತ್ತು. ಆ ಗಾಡಿ ನೋಡಲು ಹೋದವರು ಮೊದಲು ಕೇಳಬೇಕಾದದ್ದು "ಪ್ಲಗ್ ಬದಲಿಸಿದ್ದೀರಾ, ಬಿಲ್ ಇದೆಯಾ?"

ಈ ಮೂರು ಉದಾಹರಣೆ ಓದಿದ ಮೇಲೆ ನಮ್ಮ ಹುಡುಕಾಟದ ದಾರಿಯೇ ಬದಲಾಯಿತು. ಯಾವ ಗಾಡಿಗೆ ತೊಂದರೆ ಇಲ್ಲ ಎಂದು ಹುಡುಕುವುದನ್ನು ಬಿಟ್ಟೆವು. ಪ್ರತಿ ಗಾಡಿಗೂ ಹೆಸರಾದ ಒಂದೆರಡು ಬಲಹೀನ ಜಾಗ ಇರುತ್ತದೆ. ಅದನ್ನು ತಿಳಿದುಕೊಂಡು, ಮುಂದಿರುವ ಗಾಡಿಯಲ್ಲಿ ಆ ಜಾಗದ ಕತೆ ಏನಾಗಿದೆ ಎಂದು ನೋಡುವುದಕ್ಕೆ ಹೊರಟೆವು.

ದೂರುಗಳನ್ನು ಓದುವುದಕ್ಕೂ ಒಂದು ಹದ ಬೇಕು. ಜಾಸ್ತಿ ಮಾರಾಟವಾದ ಗಾಡಿಗೆ ದೂರೂ ಜಾಸ್ತಿ ಇರುತ್ತದೆ. ಎಷ್ಟು ದೂರು ಅನ್ನುವುದನ್ನು ನಾವು ಲೆಕ್ಕಕ್ಕೇ ಇಡಲಿಲ್ಲ. ಒಂದೇ ಭಾಗ, ಹೆಚ್ಚುಕಮ್ಮಿ ಒಂದೇ ಕಿಲೋಮೀಟರಿನಲ್ಲಿ, ಪರಿಚಯವೇ ಇಲ್ಲದ ಹತ್ತು ಜನರಿಗೆ ಕೆಟ್ಟಿದೆಯಾ? ಹಾಗಿದ್ದರೆ ಬರೆದುಕೊಂಡೆವು. ಪ್ರಶಸ್ತಿ, ನಕ್ಷತ್ರಗಳನ್ನೂ ಬದಿಗಿಟ್ಟೆವು. ಜೆ.ಡಿ. ಪವರ್ ಸಂಸ್ಥೆಯ ಒಂದು ಹೆಸರಾಂತ ಸಮೀಕ್ಷೆ ಹೊಸ ಗಾಡಿಯ ಮೊದಲ 90 ದಿನದ ತೊಂದರೆಗಳನ್ನು ಕೇಳುತ್ತದೆ, ಇನ್ನೊಂದು 3 ವರ್ಷವಾದ ಗಾಡಿಗಳ ಬಗ್ಗೆ ಕೇಳುತ್ತದೆ. ಹೊಸದು ಕೊಳ್ಳುವವರಿಗೆ ಅದು ಬೇಕಾದ ಮಾಹಿತಿಯೇ. 11 ವರ್ಷದ ಪಿಕಪ್ಪಿನ ತುಕ್ಕಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ರೀಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿಯೇ ಗಾಡಿಗಳನ್ನು ವಾಪಸು ಕರೆಯುವುದನ್ನು ಮಾತ್ರ ಬಿಡಬಾರದು. ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳು ನೆನಪಿರಬಹುದು. ಅವುಗಳೊಳಗೆ ಬ್ಯಾಗ್ ಉಬ್ಬಿಸಲು ಇಟ್ಟ ಅಮೋನಿಯಂ ನೈಟ್ರೇಟ್ ವರ್ಷಾನುಗಟ್ಟಲೆ ಸೆಕೆ, ತೇವಕ್ಕೆ ಸಿಕ್ಕಿ ಕೆಟ್ಟು, ಬ್ಯಾಗ್ ತೆರೆಯುವಾಗ ಲೋಹದ ಚೂರುಗಳು ಎದುರಿದ್ದವರ ಮೇಲೆ ಸಿಡಿಯುತ್ತಿದ್ದವು. ಜನ ಸತ್ತರು. ಜಗತ್ತಿನಾದ್ಯಂತ ಸುಮಾರು 10 ಕೋಟಿ ಏರ್‌ಬ್ಯಾಗ್‌ಗಳನ್ನು ವಾಪಸು ಕರೆಯಬೇಕಾಯಿತು. ಹಳೆಯ ಗಾಡಿ ಕೈಯಿಂದ ಕೈಗೆ ಹೋದಾಗ ರೀಕಾಲ್ ಪತ್ರ ಹಳೆಯ ವಿಳಾಸಕ್ಕೇ ಹೋಗುತ್ತದೆ. ಹಾಗಾಗಿ ಎರಡೂ ಗಾಡಿಗಳ 17 ಅಕ್ಷರದ ಚಾಸಿ ನಂಬರ್ ಬರೆದುಕೊಂಡು ಕಂಪನಿಯ ಸರ್ವಿಸ್ ಕೇಂದ್ರದಲ್ಲೇ ಕೇಳಿದೆವು. ಪಿಕಪ್ಪಿನ ರೀಕಾಲ್ ಕೆಲಸ ಮಾಡಿ ಮುಗಿದಿತ್ತು. ಎಸ್‌ಯುವಿಗೆ ಯಾವುದೂ ಬಾಕಿ ಇರಲಿಲ್ಲ. (ಈ ನಂಬರಿನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಬರುವುದಿಲ್ಲ. ಒಂದು, ಸೊನ್ನೆಗಳ ಜೊತೆ ಗೊಂದಲ ಆಗಬಾರದೆಂದು ಬಿಟ್ಟಿದ್ದಾರೆ. ಬರೆದುಕೊಳ್ಳುವಾಗ ನೆನಪಿಡಿ.)

ಕೊನೆಗೆ ಹಾಳೆಯಲ್ಲಿ ಉಳಿದದ್ದು ಇಷ್ಟು. ಎಸ್‌ಯುವಿಗೆ: ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್. ಪಿಕಪ್‌ಗೆ: ಟೈಮಿಂಗ್ ಬೆಲ್ಟ್ (ಇಂಜಿನ್ನಿನ ವಾಲ್ವ್‌ಗಳನ್ನು ಪಿಸ್ಟನ್ನಿನ ತಾಳಕ್ಕೆ ನಡೆಸುವ ಪಟ್ಟಿ), ಮುಂದಿನ ಬಾಲ್ ಜಾಯಿಂಟ್ (ಮುಂದಿನ ಚಕ್ರವನ್ನು ಹಿಡಿದಿಡುವ ಕೀಲು), ಹಿಂಬದಿಯ ಚಾಸಿ.

ಎಸ್‌ಯುವಿ ನೋಡಿದ ಬೆಳಿಗ್ಗೆ

"ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಎಂದು ಮೊದಲೇ ಕೇಳಿಕೊಂಡಿದ್ದೆವು. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಟ್ಟೆ, ತಣ್ಣಗಿತ್ತು. ಮಾತು ಉಳಿಸಿಕೊಂಡಿದ್ದರು. ಗಾಡಿ ಒಳಗೂ ಹೊರಗೂ ಫಳಫಳ. ಪೆಡಲಿನ ರಬ್ಬರ್ ಸವೆದಿರಲಿಲ್ಲ, ಸ್ಟೀರಿಂಗ್ ಕೈ ಸವೆತಕ್ಕೆ ಮಿರುಗುತ್ತಿರಲಿಲ್ಲ. 62 ಸಾವಿರ ನಿಜ ಅನ್ನಿಸಿತು. ನಾಲ್ಕೂ ಸೀಟ್ ಬೆಲ್ಟ್‌ಗಳ ಚೀಟಿಯಲ್ಲಿ ಗಾಡಿ ತಯಾರಾದ ವರ್ಷವೇ ಇತ್ತು. ಒಂದು ಬೆಲ್ಟಿನ ವರ್ಷ ಬೇರೆ ಇದ್ದರೆ ಅದನ್ನು ಯಾಕೆ ಬದಲಿಸಿದರು ಎಂದು ಕೇಳಬೇಕಾಗುತ್ತದೆ. ಹೆಚ್ಚಾಗಿ ಉತ್ತರ ಅಪಘಾತವೇ ಆಗಿರುತ್ತದೆ.

ಮಾಲೀಕರು ಸಭ್ಯರು. ಹೆಮ್ಮೆಯಿಂದಲೇ ಹೇಳಿದರು, "ನೋಡಿ ಮೇಡಂ, ಗಾಡಿ ಬರೀ ಮನೆ, ಆಫೀಸು. ನಾಲ್ಕು ಕಿಲೋಮೀಟರ್. ಹೈವೇ ಹತ್ತಿಸಿದ್ದೇ ಅಪರೂಪ."

ನಾನು ಆಯಿಲ್ ಕಡ್ಡಿ ಎಳೆದೆ. ಒರೆಸಿ, ಮತ್ತೆ ಇಳಿಸಿ, ಎಳೆದೆ. ಆಯಿಲ್ ಮೇಲಿನ ಗೆರೆಗಿಂತ ಬೆರಳಗಲ ಮೇಲಿತ್ತು. ಎರಡು ಬೆರಳ ನಡುವೆ ಉಜ್ಜಿದರೆ ಜಿಗುಟೇ ಇಲ್ಲ, ನೀರು ನೀರು. ಮೂಗಿನ ಹತ್ತಿರ ತಂದಾಗ ಡೀಸೆಲ್ ವಾಸನೆ. ಇಂಜಿನ್ ಆಯಿಲ್ ಸಮಯ ಕಳೆದಂತೆ ಇಳಿಯಬೇಕು, ಏರುವುದು ಒಳ್ಳೆಯ ಲಕ್ಷಣ ಅಲ್ಲ.

ಏನಾಗಿರುತ್ತದೆ ಅಂದರೆ, ಡಿಪಿಎಫ್ ಮಸಿಯನ್ನು ತಡೆದು ಒಳಗೇ ಕೂಡಿಡುತ್ತದೆ. ತುಂಬುತ್ತಾ ಬಂದಾಗ ಸುಟ್ಟು ಖಾಲಿ ಮಾಡಿಕೊಳ್ಳಬೇಕು. ಅದಕ್ಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಆ ಬಿಸಿಗಾಗಿ ಇಂಜಿನ್ ಸ್ವಲ್ಪ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಹೈವೇಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮ ಓಡಿದರೆ ಕೆಲಸ ಮುಗಿಯುತ್ತದೆ. ನಾಲ್ಕು ಕಿಲೋಮೀಟರಿಗೆ ಆಫೀಸು ಬಂತು, ಕೀ ತಿರುಗಿಸಿದರು ಅಂದರೆ ಸುಡುವುದು ಅರ್ಧಕ್ಕೇ ನಿಂತಿತು. ಸುಡದ ಡೀಸೆಲ್ ಸ್ವಲ್ಪ ಸ್ವಲ್ಪವೇ ಸಿಲಿಂಡರಿನ ಗೋಡೆ ಹಿಡಿದು ಕೆಳಗಿಳಿದು ಆಯಿಲಿಗೆ ಸೇರುತ್ತದೆ. ಮಾರನೆಯ ದಿನ ಮತ್ತೆ ಅದೇ. ತೆಳ್ಳಗಾದ ಆಯಿಲ್ ಬೇರಿಂಗನ್ನೂ ಟರ್ಬೊವನ್ನೂ ಸವೆಸುತ್ತದೆ. ಮಾಲೀಕರು ಗಾಡಿಯನ್ನು ಕೆಡಿಸಬೇಕೆಂದು ಏನೂ ಮಾಡಿರಲಿಲ್ಲ. ಜೋಪಾನ ಮಾಡುತ್ತಿದ್ದೇನೆ ಅಂದುಕೊಂಡೇ ಓಡಿಸಿದ್ದರು.

ಗಾಡಿಯ ಕಂಪ್ಯೂಟರ್ ಓದುವ ಒಬಿಡಿ ಸ್ಕ್ಯಾನರ್ ಚುಚ್ಚಿದೆವು. ದೋಷ ತೋರಿಸುವ ಫಾಲ್ಟ್ ಕೋಡ್ ಒಂದೂ ಇರಲಿಲ್ಲ. ಆದರೆ ಗಾಡಿಯ ಕಂಪ್ಯೂಟರ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಪಟ್ಟಿ ಒಂದಿದೆ, ರೆಡಿನೆಸ್ ಮಾನಿಟರ್ ಅನ್ನುತ್ತಾರೆ. ಅದರಲ್ಲಿ ಹೆಚ್ಚಿನವು "ಮುಗಿದಿಲ್ಲ" ಎಂದು ತೋರಿಸುತ್ತಿದ್ದವು. ಕೋಡ್ ಅಳಿಸಿದರೆ ಈ ಪಟ್ಟಿಯೂ ಅಳಿಯುತ್ತದೆ, ಮತ್ತೆ ತುಂಬಲು ಕೆಲವು ದಿನ ಓಡಿಸಬೇಕು. ಬ್ಯಾಟರಿ ಕಳಚಿದರೂ ಕೆಲವು ಗಾಡಿಗಳಲ್ಲಿ ಹೀಗೇ ಆಗುತ್ತದೆ. ಬ್ಯಾಟರಿ ಹೋದ ವಾರ ಬದಲಿಸಿದೆ ಅಂದರು. ಬ್ಯಾಟರಿ ಹೊಸದೇ ಇತ್ತು. ಅವರ ಮಾತು ನಿಜವೇ ಇರಬಹುದು. ನಾನು ಅದಕ್ಕೆ ಬೇರೆ ಅರ್ಥ ಹಚ್ಚಲಿಲ್ಲ. ಆಯಿಲ್ ಕಡ್ಡಿ ಹೇಳಿದ್ದು ಸಾಕಿತ್ತು.

ವಾಪಸು ಬರುವಾಗ ನಾನು ಇನ್ನೂ ಆಸೆ ಬಿಟ್ಟಿರಲಿಲ್ಲ. ಫಿಲ್ಟರ್ ಕ್ಲೀನ್ ಮಾಡಿಸಿ, ಆಯಿಲ್ ಬದಲಿಸಿದರೆ ಸರಿಹೋಗಬಹುದಲ್ಲ, ಬೆಲೆ ಇಳಿಸಿ ಕೇಳೋಣ ಎಂದೆ. ಅಕ್ಕ ಕಿಟಕಿಯಾಚೆ ನೋಡುತ್ತಿದ್ದವಳು ತಿರುಗಿ ಕೇಳಿದಳು, "ಅವರದು ನಾಲ್ಕು ಕಿಲೋಮೀಟರ್. ನನ್ನದೂ ವಾರದಲ್ಲಿ ಆರು ದಿನ ನಾಲ್ಕೇ ಕಿಲೋಮೀಟರ್ ಅಲ್ವಾ? ಸರಿ ಮಾಡಿಸಿದ್ರೂ ಮತ್ತೆ ಹಾಗೇ ಆಗಲ್ವಾ?"

ಅಕ್ಕನ ಓಡಾಟ ಬರೆದಿಟ್ಟ ಹಾಳೆ ನನ್ನ ಜೇಬಿನಲ್ಲೇ ಇತ್ತು. ನಾನು ನೋಡಿರಲಿಲ್ಲ.

ಮೇಷ್ಟ್ರ ಪಿಕಪ್

ಪಿಕಪ್ ಮಾಲೀಕರು ನಿವೃತ್ತ ಮೇಷ್ಟ್ರು. 21 ಸಾವಿರ ಓಡಿದ್ದಾಗ ಕೊಂಡವರು. ಗಾಡಿಯ ಬಣ್ಣ ಮಾಸಿತ್ತು, ಹಿಂದಿನ ತೊಟ್ಟಿಯಲ್ಲಿ ಗೀರು, ತಗ್ಗು. ಕೀ ಕೊಡುವ ಮೊದಲು ಅವರು ಒಂದು ಉದ್ದನೆಯ ರಟ್ಟಿನ ಪುಸ್ತಕ ಕೊಟ್ಟರು. ತಾರೀಕು, ಕಿಲೋಮೀಟರ್, ಮಾಡಿಸಿದ ಕೆಲಸ, ಹಾಕಿದ ಭಾಗದ ನಂಬರ್, ಎಲ್ಲ ದುಂಡು ಅಕ್ಷರದಲ್ಲಿ. 8 ಸಾವಿರಕ್ಕೊಮ್ಮೆ ಆಯಿಲ್. "98,400: ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್."

ಈ ಒಂದು ಸಾಲಿಗಾಗಿ ನಾವು ಹೋಗಿದ್ದೆವು. ಈ ಇಂಜಿನ್ನಿನಲ್ಲಿ ಬೆಲ್ಟ್ ಹರಿದರೆ ತೆರೆದ ವಾಲ್ವ್‌ಗಳಿಗೆ ಪಿಸ್ಟನ್ ಬಂದು ಬಡಿಯುತ್ತದೆ, ಇಂಜಿನ್ ಮುಗಿಯಿತು. ಬೆಲ್ಟಿನ ಜೊತೆಗೇ ವಾಟರ್ ಪಂಪ್ ಕೂಡ ಬದಲಿಸಿದ್ದು ನೋಡಿ ಕೆಲಸ ತಿಳಿದವರು ಮಾಡಿದ್ದಾರೆ ಅನ್ನಿಸಿತು. ಪಂಪ್ ಅದೇ ಬೆಲ್ಟಿನ ಹಿಂದೆ ಇರುತ್ತದೆ. ಅದು ಆಮೇಲೆ ಕೆಟ್ಟರೆ ಎಲ್ಲವನ್ನೂ ಇನ್ನೊಮ್ಮೆ ಬಿಚ್ಚಬೇಕು.

ಪುಸ್ತಕ ಎಷ್ಟು ಚೆಂದ ಇದ್ದರೂ ಒಂದೇ ದಿನ ಕೂತು ಬರೆಯಬಹುದು. ಅದಕ್ಕೆ ನಾಲ್ಕು ಸಾಲು ಆರಿಸಿ ಬಿಲ್ ಕೇಳಿದೆವು. ಮೂರಕ್ಕೆ ಸಿಕ್ಕಿತು, ಕೂಲಂಟಿನದು ಸಿಗಲಿಲ್ಲ. ಟೈರ್ 2021ರ ನವೆಂಬರಿನಲ್ಲಿ ಹಾಕಿಸಿದ್ದು ಎಂದಿತ್ತು. ಬಗ್ಗಿ ಟೈರಿನ ಪಕ್ಕ ಓದಿದೆ, 3621. ಅಂದರೆ 2021ರ 36ನೇ ವಾರ ತಯಾರಾದದ್ದು. ತಾಳೆಯಾಯಿತು. ಮೇಷ್ಟ್ರು ಬೇಸರ ಮಾಡಿಕೊಳ್ಳಲಿಲ್ಲ. "ನೋಡಿ ತಾಯಿ, ನೋಡಿ. ಪುಸ್ತಕದಲ್ಲಿ ಇಲ್ಲದ್ದು ಏನಾದರೂ ಸಿಕ್ಕರೆ ನನಗೂ ಹೇಳಿ" ಅಂದರು ಅಕ್ಕನಿಗೆ.

ಸಿಕ್ಕಿತು. ಗಾಡಿಯನ್ನು ನಮಗೆ ಗೊತ್ತಿದ್ದ ಮೆಕ್ಯಾನಿಕ್ ಬಳಿ ಲಿಫ್ಟ್ ಮೇಲೇರಿಸಿದೆವು. ಮಾರುವವರು ತೋರಿಸಿದ ಗ್ಯಾರೇಜಿಗೆ ಎಂದೂ ಹೋಗಬಾರದು, ಅವರು ಎಷ್ಟೇ ಒಳ್ಳೆಯವರಾಗಿರಲಿ. ಮೆಕ್ಯಾನಿಕ್ ದೊಡ್ಡ ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಯುದ್ದಕ್ಕೂ ತಟ್ಟುತ್ತಾ ಹಿಂದಕ್ಕೆ ನಡೆದರು. ಟಣ್, ಟಣ್, ಟಣ್. ಸ್ಟೆಪ್ನಿಯ ಮೇಲಿನ ಅಡ್ಡಪಟ್ಟಿಗೆ ಬಂದಾಗ ಸದ್ದು ಡಬ್ ಎಂದಿತು. ಮತ್ತೆ ತಟ್ಟಿದರು. ಡಬ್. ಅಕ್ಕ ನನ್ನ ತೋಳು ಹಿಡಿದಳು. ಅವರು ತಂತಿ ಬ್ರಷ್ ತೆಗೆದು ಉಜ್ಜಿದರು. ಕೆಸರಿನ ಹೆಂಟೆ ಬಿತ್ತು, ಅದರ ಹಿಂದೆ ತುಕ್ಕಿನ ಹಕ್ಕಳೆಗಳು ಉದುರಿದವು. ಕೆಳಗೆ ಹೊಳೆಯುವ ಲೋಹ ಕಂಡಿತು. ಸ್ಕ್ರೂಡ್ರೈವರಿನ ಚೂಪು ತುದಿ ಇಟ್ಟು ಮೈಭಾರ ಹಾಕಿ ಒತ್ತಿದರು. ಇಳಿಯಲಿಲ್ಲ. ಕೆಸರು ತೇವ ಹಿಡಿದಿಟ್ಟು ಮೇಲ್ಪದರ ತಿಂದಿತ್ತು, ಲೋಹ ಇನ್ನೂ ದಪ್ಪಗೇ ಇತ್ತು.

ಮುಂದಿನ ಚಕ್ರಗಳ ಕೆಳಗೆ ಸಲಾಕೆ ಕೊಟ್ಟು ಎತ್ತಿದಾಗ ಎರಡೂ ಬಾಲ್ ಜಾಯಿಂಟ್ ಕಟಕ್ ಅಂದವು. ಹಿಂದಿನ ಡಿಫರೆನ್ಷಿಯಲ್ (ಹಿಂಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಪೆಟ್ಟಿಗೆ) ಸೀಲ್ ಒದ್ದೆ, ಆಯಿಲ್ ಜಿನುಗುತ್ತಿತ್ತು. ಫೋರ್ ವೀಲ್ ಲೋ ಗೇರಿಗೆ ಹಾಕುವ ಲಿವರ್ ಗಟ್ಟಿಯಾಗಿತ್ತು. ಮಣ್ಣಿನ ಮೇಲೆ ನಾಲ್ಕು ಸಲ ಹಿಂದೆ ಮುಂದೆ ಮಾಡಿದ ಮೇಲೆ ಸರಿಯಾಗಿ ಕೂತಿತು. ವರ್ಷಗಟ್ಟಲೆ ಬಳಸದಿದ್ದರೆ ಹೀಗಾಗುತ್ತದೆ.

"ಮೇಡಂ, ಇಂಜಿನ್ ಬಗ್ಗೆ ನನಗೆ ಯೋಚನೆ ಇಲ್ಲ" ಅಂದರು ಮೆಕ್ಯಾನಿಕ್. "ಬಾಲ್ ಜಾಯಿಂಟ್ ಹಾಕಿಸದೆ ಲೋಡ್ ಹಾಕಬೇಡಿ. ಹಿಂದಿನ ಈ ಜಾಗಾನ ವರ್ಷಕ್ಕೊಂದ್ಸಲ ನನಗೆ ತೋರಿಸಿ. ಬೆಲ್ಟ್‌ಗೆ ಕಿಲೋಮೀಟರ್ ಬಾಕಿ ಇದ್ರೂ ವಯಸ್ಸಾಗ್ತಿದೆ, ಮುಂದಿನ ವರ್ಷ ಬದಲಿಸೋಣ."

ಸಿಕ್ಕಿದ್ದನ್ನೆಲ್ಲ ಮೇಷ್ಟ್ರಿಗೆ ಹೇಳಿದೆವು. ಬಾಲ್ ಜಾಯಿಂಟ್, ಸೀಲಿನ ಖರ್ಚನ್ನು ಬೆಲೆಯಲ್ಲಿ ಬಿಟ್ಟರು. ಪುಸ್ತಕವನ್ನೂ ಕೊಟ್ಟರು.

ಕೊಂಡ ಮೇಲೆ

ಕೈಯಲ್ಲಿದ್ದ ಹಣದಲ್ಲಿ ಹತ್ತರಲ್ಲಿ ಒಂದು ಪಾಲನ್ನು ಮೊದಲೇ ಎತ್ತಿಟ್ಟಿದ್ದೆವು. ಹಳೆಯ ಗಾಡಿಗೆ ಎಲ್ಲ ಹಣ ಸುರಿದು ಬರಿಗೈಯಲ್ಲಿ ಮನೆಗೆ ಬರಬಾರದು. ಎಲ್ಲ ಆಯಿಲ್, ಬ್ರೇಕ್ ಫ್ಲೂಯಿಡ್, ಬಿಲ್ ಸಿಗದ ಆ ಕೂಲಂಟ್, ಎಲ್ಲ ಹೊಸದು ಹಾಕಿಸಿದೆವು. ಅಡ್ಡಪಟ್ಟಿಯ ತುಕ್ಕು ಕೆರೆದು ಬಣ್ಣ ಬಳಿದರು.

ಒಂದನ್ನು ಮಾತ್ರ ನಾವು ನೋಡಿಯೇ ಇರಲಿಲ್ಲ. ಸ್ಟೆಪ್ನಿ ಗಾಡಿಯ ಅಡಿಯಲ್ಲಿ ಸರಪಳಿಗೆ ನೇತುಬಿದ್ದಿರುತ್ತದೆ, ರಾಡ್ ಹಾಕಿ ತಿರುಗಿಸಿದರೆ ಕೆಳಗಿಳಿಯಬೇಕು. ಮೂರನೇ ತಿಂಗಳು, ರಾತ್ರಿ ಎರಡು ಗಂಟೆಗೆ, 14 ಪೆಟ್ಟಿಗೆ ಹೇರಿಕೊಂಡು ಹೋಗುವಾಗ ಟೈರ್ ಪಂಕ್ಚರ್ ಆಯಿತು. ರಾಡ್ ತಿರುಗಲೇ ಇಲ್ಲ. ಅದೇ ಕೆಸರು ಆ ಗಡಗಡಿಯನ್ನೂ ತಿಂದಿತ್ತು. ಅಷ್ಟೆಲ್ಲ ತಟ್ಟಿ ನೋಡಿದ ಜಾಗದಿಂದ ಅದು ಒಂದು ಗೇಣು ದೂರ. ಅಕ್ಕ ಮತ್ತು ಜೊತೆಗಿದ್ದ ಹುಡುಗ ಸರಪಳಿಯನ್ನು ಗರಗಸದಲ್ಲಿ ಕೊಯ್ದು ಸ್ಟೆಪ್ನಿ ಇಳಿಸುವಷ್ಟರಲ್ಲಿ ನಾಲ್ಕೂಕಾಲು. ಸೂರ್ಯ ಹುಟ್ಟುವ ಹೊತ್ತಿಗೆ ಕೊನೆಯ ಪೆಟ್ಟಿಗೆ ಇಳಿಸಿದರು. ಎಲ್ಲವೂ ಗುಂಯ್ ಅನ್ನುತ್ತಿದ್ದವು.

ಈಗ 14 ತಿಂಗಳಾಗಿದೆ, 19 ಸಾವಿರ ಕಿಲೋಮೀಟರ್ ಓಡಿದೆ. ಈ ನಡುವೆ ಕೆಟ್ಟದ್ದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಬೇರಿಂಗ್ ಒಂದು. ಅದೂ ಎರಡು ವಾರ ಮೊದಲೇ ಕುಯ್ಯ್ ಎಂದು ಕೂಗಿ ಹೇಳಿತ್ತು. ಟೈಮಿಂಗ್ ಬೆಲ್ಟ್ ಬದಲಿಸಿಯಾಯಿತು. ಮೇಷ್ಟ್ರ ದುಂಡು ಅಕ್ಷರ ಮುಗಿದ ಪುಟದ ಕೆಳಗೆ ಅಕ್ಕನ ಓರೆ ಅಕ್ಷರ ಶುರುವಾಗಿದೆ. ಅವಳ ಮೊದಲ ಸಾಲು ಹೀಗಿದೆ: "1,58,310: ಬಾಲ್ ಜಾಯಿಂಟ್ ಎರಡೂ ಹೊಸದು." ಮಳೆ ಹಿಡಿಯುವ ಮೊದಲು ಹಿಂದಿನ ಅಡ್ಡಪಟ್ಟಿಯನ್ನು ಮತ್ತೊಮ್ಮೆ ತಟ್ಟಿಸಬೇಕು. ಮೆಕ್ಯಾನಿಕ್ ಬರುವ ಭಾನುವಾರ ಬರಲು ಹೇಳಿದ್ದಾರೆ.